ಮನೆಬಾಗಿಲಿನಿಂದ ಮರದ ನೆರಳಿಗೆ ಎಷ್ಟು ಹೆಜ್ಜೆ?

ಸೌದಿ ಅರೇಬಿಯಾಕ್ಕೆ ಹೊರಟವರನ್ನು ಊರಿನಲ್ಲಿ ಕೇಳುವ ಪ್ರಶ್ನೆಗಳು ನಾಲ್ಕೈದು. ಸಂಬಳವೆಷ್ಟು, ರೂಮು ಕಂಪೆನಿಯದೋ ಸ್ವಂತ ಬಾಡಿಗೆಯದೋ, ಊಟಕ್ಕೇನು ವ್ಯವಸ್ಥೆ, ರಜೆ ಎಷ್ಟು ವರ್ಷಕ್ಕೊಮ್ಮೆ, ಆ ಬಿಸಿಲನ್ನು ತಡೆದುಕೊಳ್ಳಲಾದೀತೇ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಹೆಂಡತಿ ಮಕ್ಕಳೊಡನೆ ಇಲ್ಲಿಗೆ ಬರಬೇಕೆಂದಿರುವವರು ಕೇಳದೇ ಬಿಡುವ ಇನ್ನೊಂದು ಪ್ರಶ್ನೆಯಿದೆ: ಸಂಜೆಯ ಹೊತ್ತು ಮಗುವಿನ ಕೈ ಹಿಡಿದು ನಡೆಯಲು ಅಲ್ಲಿ ಜಾಗವಿದೆಯೇ?

ಈ ಪ್ರಶ್ನೆ ಈಗ ರಿಯಾದ್ ನಗರದಲ್ಲಿ ರಾಜನೀತಿಯ ವಿಷಯವಾಗಿದೆ. 2019ರ ಮಾರ್ಚ್ 19ರಂದು ಸೌದಿ ಸರ್ಕಾರ ರಾಜಧಾನಿಗಾಗಿ ನಾಲ್ಕು ಬೃಹತ್ ಯೋಜನೆಗಳನ್ನು ಒಟ್ಟಿಗೆ ಪ್ರಕಟಿಸಿತು. ಕಿಂಗ್ ಸಲ್ಮಾನ್ ಪಾರ್ಕ್, ಸ್ಪೋರ್ಟ್ಸ್ ಬುಲೆವಾರ್ಡ್, ಗ್ರೀನ್ ರಿಯಾದ್ ಮತ್ತು ರಿಯಾದ್ ಆರ್ಟ್ ಎಂಬ ಈ ಯೋಜನೆಗಳ ಅಂದಾಜು ವೆಚ್ಚ 8,600 ಕೋಟಿ ರಿಯಾಲ್. ಇವುಗಳಲ್ಲಿ ಗ್ರೀನ್ ರಿಯಾದ್‌ನ ಗುರಿ 75 ಲಕ್ಷ ಮರಗಳನ್ನು ನೆಡುವುದು, ನಗರದ ಹಸಿರು ಹೊದಿಕೆಯನ್ನು ಶೇ 1.5ರಿಂದ ಶೇ 9.1ಕ್ಕೆ ಏರಿಸುವುದು, ತಲಾ ಹಸಿರು ಜಾಗವನ್ನು 1.7 ಚದರ ಮೀಟರ್‌ನಿಂದ 28 ಚದರ ಮೀಟರ್‌ಗೆ ಹೆಚ್ಚಿಸುವುದು. 1.7 ಚದರ ಮೀಟರ್ ಎಂದರೆ ಒಬ್ಬರು ಮಲಗುವ ಮಂಚದಷ್ಟು ಜಾಗ. 28 ಚದರ ಮೀಟರ್ ಎಂದರೆ ಒಂದು ವಿಶಾಲವಾದ ನಡುಮನೆ. ಎಪ್ಪತ್ತು ಲಕ್ಷದಷ್ಟು ಜನರಿರುವ, ಎಲ್ಲ ದಿಕ್ಕಿಗೂ ಹಿಗ್ಗುತ್ತಿರುವ ಮರುಭೂಮಿಯ ನಗರವೊಂದು ಇಂಥ ಲೆಕ್ಕವನ್ನು ಬರೆದಿಟ್ಟುಕೊಂಡಿರುವುದೇ ದೊಡ್ಡ ಸಂಗತಿ.

ಆದರೆ ಇಲ್ಲಿ ಬಾಳುವವರಿಗೆ ಈ ಸರಾಸರಿಯಿಂದ ಪೂರ್ಣ ಉತ್ತರ ದೊರೆಯುವುದಿಲ್ಲ. ವಾಹನವಿಲ್ಲದ ಹಸಿರು ಜಾಗವೊಂದನ್ನು ಕಟ್ಟುವುದು ಒಂದು ಕೆಲಸ. ವಾಹನವಿಲ್ಲದೆ ಅಲ್ಲಿಗೆ ತಲುಪುವಂತೆ ಮಾಡುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಹಣ ಬೇಕು, ನೀರು ಬೇಕು. ಎರಡನೆಯದಕ್ಕೆ ಊರಿನ ನಕ್ಷೆಯನ್ನೇ ತಿದ್ದಬೇಕು. ಹಲವು ವರ್ಷಗಳಿಂದ ಈ ನಗರದಲ್ಲಿ ಬದುಕುತ್ತಿರುವ ನನಗೆ, ಉದ್ಯಾನದ ಬೆಲೆಯನ್ನು ಅದರ ವಿಸ್ತೀರ್ಣದಿಂದ ಅಳೆಯುವುದಕ್ಕಿಂತ ಮನೆಬಾಗಿಲಿನಿಂದ ಅದರ ಮೊದಲ ಮರದ ನೆರಳಿಗೆ ಇರುವ ದಾರಿಯಿಂದ ಅಳೆಯುವುದೇ ಸರಿಯೆನಿಸುತ್ತದೆ.

ನೆರಳು ಕಳೆದುಕೊಂಡ ಬೀದಿಗಳು

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ರಿಯಾದ್ ಮಣ್ಣಿನ ಇಟ್ಟಿಗೆಗಳ ಸಣ್ಣ ಪಟ್ಟಣವಾಗಿತ್ತು. ಮನೆಗಳ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು, ಓಣಿಗಳು ಕಿರಿದಾಗಿದ್ದವು, ಆದ್ದರಿಂದ ಒಂದು ಬದಿಯ ಗೋಡೆಯ ನೆರಳು ಇನ್ನೊಂದು ಬದಿಯವರೆಗೂ ಚಾಚುತ್ತಿತ್ತು. 1950ರ ದಶಕದಲ್ಲಿ ಸಚಿವಾಲಯಗಳು ರಿಯಾದ್‌ಗೆ ಸ್ಥಳಾಂತರಗೊಂಡಾಗ ಸರ್ಕಾರಿ ನೌಕರರಿಗಾಗಿ ಮಲಜ್ ಬಡಾವಣೆಯನ್ನು ನಿರ್ಮಿಸಲಾಯಿತು. ಚೌಕುಳಿ ರಸ್ತೆಗಳು, ನಿವೇಶನದ ನಡುವೆ ಒಂಟಿಯಾಗಿ ನಿಂತ ವಿಲ್ಲಾ, ಸುತ್ತಲೂ ಕಾಂಪೌಂಡ್ ಗೋಡೆ. ಗೋಡೆಗೂ ಮನೆಗೂ ನಡುವೆ ನಾಲ್ಕೂ ಬದಿಯಲ್ಲಿ ಖಾಲಿ ಜಾಗ ಬಿಡಬೇಕೆಂಬ ನಿಯಮ ಆ ಮಾದರಿಯ ಜೊತೆಗೇ ದೇಶದ ಉದ್ದಗಲಕ್ಕೂ ಹಬ್ಬಿತು. ಮನೆ ಒಳಕ್ಕೆ ಸರಿಯಿತು, ರಸ್ತೆ ಅಗಲವಾಯಿತು, ನೆರಳು ಬೀದಿಯನ್ನು ಬಿಟ್ಟು ಕಾಂಪೌಂಡಿನೊಳಗೆ ಬಿದ್ದಿತು. ರಿಯಾದ್‌ನ ಬೀದಿಗಳು ನಡುಹಗಲಿನಲ್ಲಿ ಕಾದ ಹೆಂಚಿನಂತಿರಲು ಸೂರ್ಯನೊಬ್ಬನೇ ಕಾರಣನಲ್ಲ.

1970ರ ದಶಕದ ಆರಂಭದಲ್ಲಿ ಗ್ರೀಸ್ ದೇಶದ ನಗರ ಯೋಜಕ ಕಾನ್‌ಸ್ಟಂಟೀನಸ್ ಡಾಕ್ಸಿಯಾಡಿಸ್ ಅವರ ಸಂಸ್ಥೆ ರಿಯಾದ್‌ಗೆ ಮಹಾಯೋಜನೆಯನ್ನು ರೂಪಿಸಿತು. ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳು. ಅವುಗಳ ಅಂಚಿನಲ್ಲಿ ಹೆದ್ದಾರಿಯಂಥ ರಸ್ತೆಗಳು. ಒಳಗೆ ಮಸೀದಿ, ಶಾಲೆ, ಅಂಗಡಿ, ಉದ್ಯಾನ. ಮಗು ದೊಡ್ಡ ರಸ್ತೆಯನ್ನು ದಾಟದೆಯೇ ಶಾಲೆಗೆ ಹೋಗಿ ಬರಬಹುದೆಂಬುದು ಆ ನಕ್ಷೆಯ ತರ್ಕ. ತರ್ಕ ಸೊಗಸಾಗಿತ್ತು. ಆದರೆ ಕಾರುಗಳು ಹೆಚ್ಚಿದಂತೆ ಅಂಚಿನ ರಸ್ತೆಗಳು ಮತ್ತಷ್ಟು ಅಗಲವಾಗಿ, ಪಕ್ಕದಲ್ಲಿ ಸರ್ವಿಸ್ ರಸ್ತೆಗಳು ಸೇರಿ, ಒಂದೊಂದು ಚೌಕವೂ ಒಂದೊಂದು ದ್ವೀಪವಾಯಿತು. ಕಣ್ಣಿಗೆ ಕಾಣುವ ಉದ್ಯಾನಕ್ಕೆ ಹೋಗಲು ಕಾರು ಹತ್ತಬೇಕು, ಮುಂದೆ ಹೋಗಿ ಯೂ ಟರ್ನ್ ಹೊಡೆಯಬೇಕು, ಪಾರ್ಕಿಂಗ್ ಹುಡುಕಬೇಕು. ಆಮೇಲೆ ನಡಿಗೆ!

ಈ ವ್ಯವಸ್ಥೆಯ ಭಾರವನ್ನು ಹೆಚ್ಚು ಹೊತ್ತವರು ಹೆಂಗಸರು ಮತ್ತು ಮಕ್ಕಳು. 2018ರ ಜೂನ್ 24ರವರೆಗೆ ಇಲ್ಲಿ ಮಹಿಳೆಯರು ವಾಹನ ಓಡಿಸುವಂತಿರಲಿಲ್ಲ. ಗಂಡ ಬೆಳಿಗ್ಗೆ ಹೋಗಿ ಸಂಜೆ ತಿರುಗಿ ಬರುವವರೆಗೆ ನಮ್ಮ ಹೆಣ್ಣುಮಕ್ಕಳ ಲೋಕವೆಂದರೆ ಮೂರನೆಯ ಮಹಡಿಯ ಫ್ಲ್ಯಾಟು, ಊರಿನ ಫೋನು, ಮಕ್ಕಳ ಶಾಲಾ ವಾಹನ ಬರುವ ಗಳಿಗೆ. ನಡೆಯಬೇಕೆಂದರೆ ಮಾಲ್‌ಗೆ ಹೋಗಬೇಕಿತ್ತು. ಹವಾನಿಯಂತ್ರಿತ ಮಾಲ್ ಈ ನಾಡಿನ ಜನರಿಗೆ ಬಹುಕಾಲ ವಾಹನವಿಲ್ಲದ ಏಕೈಕ ಬೀದಿಯಾಗಿತ್ತೆಂದರೆ ಉತ್ಪ್ರೇಕ್ಷೆಯಲ್ಲ. ಆದರೆ ಆ ಬೀದಿಯ ಎರಡೂ ಬದಿಯಲ್ಲಿ ಅಂಗಡಿಗಳಿರುತ್ತವೆ. ಅಲ್ಲಿ ಮಗು ಕೈ ತೋರಿಸಿದ್ದಕ್ಕೆಲ್ಲ ದುಡ್ಡು ಬೇಕು.

ವಿದ್ಯೆ ಇತ್ತು, ದಾರಿ ಇರಲಿಲ್ಲ

ಸೌದಿ ಅರೇಬಿಯಾಕ್ಕೆ ನೆರಳಿನ ವಿದ್ಯೆ ಹೊಸದೇನಲ್ಲ. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೆದ್ದಾದ ಹಳೆಯ ಪಟ್ಟಣ ಬಲದ್‌ನಲ್ಲಿ ಸುತ್ತಾಡಿದವರಿಗೆ ಅದು ತಿಳಿದೀತು. ಹವಳದ ಕಲ್ಲಿನ ಎತ್ತರದ ಮನೆಗಳು, ಅವುಗಳಿಂದ ಹೊರಚಾಚಿದ ಮರದ ಜಾಲಂಧ್ರಗಳು, ಗಾಳಿಯನ್ನು ಒಳಕ್ಕೆ ಸೆಳೆಯುವ ಕಿರಿದಾದ ಓಣಿಗಳು. ರೋಶನ್ ಎಂದು ಕರೆಯುವ ಆ ಜಾಲಂಧ್ರಗಳಿಗೆ ಬೇಕಾದ ತೇಗ ಹಡಗುಗಳಲ್ಲಿ ಭಾರತದ ಕಡೆಯಿಂದಲೂ ಬರುತ್ತಿತ್ತು. ಅಲ್ಲಿ ಉದ್ಯಾನವಿಲ್ಲ, ಹುಲ್ಲುಹಾಸಿಲ್ಲ. ಆದರೂ ಮಧ್ಯಾಹ್ನದ ಹೊತ್ತಿನಲ್ಲಿ ಮುದುಕರೊಬ್ಬರು ಓಣಿಯ ಕಟ್ಟೆಯ ಮೇಲೆ ಕುಳಿತಿರಬಲ್ಲರು.

ಆಧುನಿಕ ರಿಯಾದ್ ಕೂಡ ಒಳ್ಳೆಯ ಪ್ರಯೋಗಗಳನ್ನು ಕಂಡಿದೆ. ರಾಯಭಾರ ಕಚೇರಿಗಳ ಬಡಾವಣೆಯ ಅಲ್ ಕಿಂದಿ ಚೌಕ ಮತ್ತು ಆ ಬಡಾವಣೆಯ ಹಸಿರು ವಿನ್ಯಾಸ ಎರಡೂ 1989ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಗೆ ಪಾತ್ರವಾದವು. ಹಳೆಯ ನಗರದ ನಡುವೆ ಜೋರ್ಡಾನ್‌ನ ವಾಸ್ತುಶಿಲ್ಪಿ ರಾಸಿಮ್ ಬದ್ರಾನ್ ಅವರು ವಿನ್ಯಾಸಗೊಳಿಸಿದ ಕಸ್ರ್ ಅಲ್ ಹುಕ್ಮ್ ಪ್ರದೇಶದ ಮಹಾಮಸೀದಿಗೆ ಅದೇ ಪ್ರಶಸ್ತಿ 1995ರಲ್ಲಿ ಸಂದಿತು. ಅಲ್ಲಿ ಮಸೀದಿ, ಅರಮನೆ, ಮಾರುಕಟ್ಟೆಗಳ ನಡುವಿನ ಅಂಗಳಗಳು ನಡೆಯುವವರಿಗೇ ಮೀಸಲು. ಕಸ ಮತ್ತು ಕೊಳಚೆಯ ತೊಟ್ಟಿಯಾಗಿದ್ದ ಸುಮಾರು 120 ಕಿ.ಮೀ. ಉದ್ದದ ವಾದಿ ಹನೀಫಾ ಕಣಿವೆಯನ್ನು ಶುದ್ಧಗೊಳಿಸಿ, ನೀರನ್ನು ನೈಸರ್ಗಿಕ ವಿಧಾನದಲ್ಲಿ ಸೋಸಿ, ದಡದುದ್ದಕ್ಕೂ ಕಾಲುದಾರಿ ಮತ್ತು ವಿಹಾರ ತಾಣಗಳನ್ನು ಮಾಡಿದ ಕೆಲಸಕ್ಕೆ 2010ರಲ್ಲಿ ಮತ್ತೆ ಅದೇ ಗೌರವ ದೊರೆಯಿತು.

ಇಷ್ಟೆಲ್ಲ ಪ್ರಶಸ್ತಿಗಳ ಹಿಂದಿನ ವಿವೇಕವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಯಭಾರಿಗಳ ಬಡಾವಣೆ ನಗರದ ಪಶ್ಚಿಮದಂಚಿನಲ್ಲಿ, ಕಾವಲಿನ ದ್ವಾರಗಳ ಆಚೆಗಿದೆ. ವಾದಿ ಹನೀಫಾಕ್ಕೆ ಹೋಗುವವರು ಚಾಪೆ, ಚಹದ ಫ್ಲಾಸ್ಕು, ಕುರ್ಚಿಗಳನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೇ ಹೊರಡುತ್ತಾರೆ. ಕಾರಿಲ್ಲದವನ ಪಾಲಿಗೆ ಆ ಕಣಿವೆ ಇನ್ನೊಂದು ಊರಿನಲ್ಲಿದ್ದಂತೆಯೇ.

ನಾವು ಚೆಲ್ಲಿದ ನೀರು, ಅವರು ನೆಟ್ಟ ಮರ

ಈಗ ನಡೆಯುತ್ತಿರುವ ಕೆಲಸದ ಪ್ರಮಾಣವೇ ಬೇರೆ. ಹಳೆಯ ವಿಮಾನನೆಲೆಯ ಜಾಗದಲ್ಲಿ ಮೈದಳೆಯುತ್ತಿರುವ ಕಿಂಗ್ ಸಲ್ಮಾನ್ ಪಾರ್ಕ್‌ನ ವಿಸ್ತೀರ್ಣ 16 ಚದರ ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನ ಕಬ್ಬನ್ ಉದ್ಯಾನದಂಥ ಹತ್ತಕ್ಕೂ ಮಿಕ್ಕ ಉದ್ಯಾನಗಳು ಅದರೊಳಗೆ ಹಿಡಿಸಿಯಾವು. ಪಶ್ಚಿಮದ ವಾದಿ ಹನೀಫಾದಿಂದ ಪೂರ್ವದ ವಾದಿ ಸುಲೈವರೆಗೆ ನಗರವನ್ನು ಹಾಯ್ದು ಹೋಗಲಿರುವ 135 ಕಿ.ಮೀ. ಉದ್ದದ ಸ್ಪೋರ್ಟ್ಸ್ ಬುಲೆವಾರ್ಡ್‌ನಲ್ಲಿ ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ, ಕುದುರೆ ಸವಾರರಿಗೆ ಪ್ರತ್ಯೇಕ ದಾರಿಗಳಿವೆ. ಅದರ ಮೊದಲ ಹಂತ 2025ರ ಆರಂಭದಲ್ಲಿ ತೆರೆಯಿತು.

ಇಷ್ಟು ಹಸಿರಿಗೆ ನೀರೆಲ್ಲಿಂದ ಎಂಬುದು ಊರಿನವರು ಕೇಳಬೇಕಾದ ಪ್ರಶ್ನೆ. ರಿಯಾದ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ನೂರು ಮಿಲಿಮೀಟರಿನ ಆಸುಪಾಸು. ಕರಾವಳಿಯಲ್ಲಿ ಆಷಾಢದ ಒಂದೇ ಒಂದು ದಿನ ಅಷ್ಟು ಸುರಿದು ಹೋಗುವುದುಂಟು. ಇಲ್ಲಿ ಕುಡಿಯುವ ನೀರಿನ ಬಹುಪಾಲು ಪೂರ್ವ ಕರಾವಳಿಯಲ್ಲಿ ಸಮುದ್ರದಿಂದ ಉಪ್ಪು ತೆಗೆದ ನೀರು. ನಾನೂರು ಕಿಲೋಮೀಟರಿನಷ್ಟು ದೂರ ಕೊಳವೆಯಲ್ಲಿ ಹರಿದು, ಸಮುದ್ರಮಟ್ಟದಿಂದ ಆರುನೂರು ಮೀಟರ್ ಎತ್ತರದ ಈ ಪ್ರಸ್ಥಭೂಮಿಗೆ ಏರಿ ಬರುವ ನೀರು. ಅದನ್ನು ಗಿಡಗಳಿಗೆ ಸುರಿದರೆ ಉಳಿಗಾಲವಿಲ್ಲ. ಆದ್ದರಿಂದ ಗ್ರೀನ್ ರಿಯಾದ್ ನೆಚ್ಚಿಕೊಂಡಿರುವುದು ಶುದ್ಧೀಕರಿಸಿದ ಕೊಳಚೆ ನೀರನ್ನು. ಇದರ ಬಳಕೆಯನ್ನು ದಿನಕ್ಕೆ 90 ಸಾವಿರ ಘನ ಮೀಟರ್‌ನಿಂದ ಹತ್ತು ಲಕ್ಷ ಘನ ಮೀಟರ್‌ಗೂ ಹೆಚ್ಚಿಗೆ ಏರಿಸುವ ಯೋಜನೆಯಿದೆ. ನಮ್ಮ ನಮ್ಮ ಅಡುಗೆಮನೆ, ಬಚ್ಚಲುಮನೆಗಳಿಂದ ಹೊರಟ ನೀರೇ ತಿರುಗಿ ಬಂದು ಹನಿ ಹನಿಯಾಗಿ ರಸ್ತೆಬದಿಯ ಮರದ ಬೇರಿಗೆ ಇಳಿಯುತ್ತದೆ. ನಗರ ಬೆಳೆದಷ್ಟೂ ಈ ನೀರು ಹೆಚ್ಚುತ್ತದೆ ಎಂಬುದು ಇಲ್ಲಿನ ಒಂದು ವಿಚಿತ್ರ ಅನುಕೂಲ.

ನೆಡುವ ಗಿಡಗಳ ಆಯ್ಕೆಯಲ್ಲೂ ವಿವೇಕ ಕಾಣುತ್ತಿದೆ. ನೀರು ಕುಡಿಯುವ ಹುಲ್ಲುಹಾಸಿಗಿಂತ ಈ ಮಣ್ಣಿನಲ್ಲೇ ಹುಟ್ಟಿ ಬೆಳೆದ ಮರಗಳಿಗೆ ಆದ್ಯತೆ ಬಂದಿದೆ. ಸಿದರ್ ನಮ್ಮ ಎಲಚಿಯ ಬಂಧು. ತಲ್ಹ್ ನಮ್ಮ ಜಾಲಿಯ ಬಳಗ. ಅರೇಬಿಯಾದ ಮರಳುಗಾಡಿನಲ್ಲಿ ಬೆಳೆಯುವ ಗಾಫ್ ಅಂತೂ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಮರವೇ. ಬರಗಾಲವನ್ನು ಬಲ್ಲ ಮರಗಳು ಎರಡೂ ನಾಡುಗಳಲ್ಲಿ ಒಂದೇ ಕುಲದವು.

ಆ ಗಿಡಗಳಿಗೆ ಗುಂಡಿ ತೋಡಿ, ಕೊಳವೆ ಜೋಡಿಸಿ, ಸಲಹುತ್ತಿರುವವರು ಬಹುತೇಕ ದಕ್ಷಿಣ ಏಷ್ಯಾದ ಕಾರ್ಮಿಕರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂಬ ಕಾನೂನು ಇದೆ. ಈ ಮೂರು ಗಂಟೆಗಳನ್ನು ಅವರು ಎಲ್ಲಿ ಕಳೆಯುತ್ತಾರೆಂಬುದನ್ನು ಗಮನಿಸಿದ್ದೇನೆ: ಹಿಂದಿನ ವರ್ಷ ನೆಟ್ಟ ಮರ ಒಂದಿಷ್ಟು ಬೆಳೆದಿದ್ದರೆ ಅದರ ಬುಡದಲ್ಲಿ, ಇಲ್ಲದಿದ್ದರೆ ನಿಂತ ಲಾರಿಯ ನೆರಳಿನಲ್ಲಿ.

ನಾಲ್ಕು ರಿಯಾಲಿನ ಟಿಕೆಟ್

ಉದ್ಯಾನಕ್ಕೆ ದಾರಿ ಮಾಡಿಕೊಡುವ ದೃಷ್ಟಿಯಿಂದ ನೋಡಿದರೆ ಕಳೆದ ಐವತ್ತು ವರ್ಷಗಳಲ್ಲಿ ರಿಯಾದ್ ಕಂಡ ಅತಿದೊಡ್ಡ ಬದಲಾವಣೆ ಉದ್ಯಾನವಲ್ಲ, ಮೆಟ್ರೊ. 2024ರ ಡಿಸೆಂಬರ್ 1ರಂದು ಸಂಚಾರಕ್ಕೆ ತೆರೆದ ಈ ಜಾಲದಲ್ಲಿ ಆರು ಮಾರ್ಗಗಳು, 176 ಕಿಲೋಮೀಟರ್ ಹಳಿ, 85 ನಿಲ್ದಾಣಗಳಿವೆ. ಸಾಮಾನ್ಯ ದರ್ಜೆಯ ಟಿಕೆಟ್ ದರ ನಾಲ್ಕು ರಿಯಾಲ್; ಅದರಲ್ಲಿ ಎರಡು ಗಂಟೆಗಳ ಕಾಲ ಮೆಟ್ರೊದಲ್ಲೂ 2023ರಲ್ಲಿ ಆರಂಭವಾದ ನಗರ ಬಸ್‌ಗಳಲ್ಲೂ ಓಡಾಡಬಹುದು. ತಿಂಗಳ ಪಾಸಿಗೆ 140 ರಿಯಾಲ್. ಟ್ಯಾಕ್ಸಿಗೆ ಒಂದು ಸಲ ಕೊಡುವ ದುಡ್ಡಿನಲ್ಲಿ ಹಲವು ಸಲ ಹೋಗಿ ಬರಬಹುದು.

ಇದರ ಪರಿಣಾಮವನ್ನು ಬತ್ಹಾದಲ್ಲಿ ನಿಂತು ನೋಡಬೇಕು. ಹೆಸರೇ ಹೇಳುವಂತೆ ಅದು ಒಂದು ಕಾಲದಲ್ಲಿ ಹಳ್ಳದ ಮರಳು ಪಾತ್ರ. ಆ ಹಳ್ಳವನ್ನು ಮುಚ್ಚಿ ರಸ್ತೆ ಮಾಡಿದರು. ಇಂದು ಅದು ವಲಸಿಗರ ಪೇಟೆ. ಕೇರಳ ಮಾರ್ಕೆಟ್ ಎಂದು ಕರೆಯುವ ಭಾಗದಲ್ಲಿ ಶುಕ್ರವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಮಲಯಾಳಂ, ಬಂಗಾಳಿ, ಉರ್ದು, ತುಳು, ಬ್ಯಾರಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಅಲ್ಲಿ ಮರಗಳು ಕಡಿಮೆ, ಕುಳಿತುಕೊಳ್ಳಲು ಬೆಂಚುಗಳು ಇನ್ನೂ ಕಡಿಮೆ. ಆದರೆ ಬತ್ಹಾ ನಿಲ್ದಾಣದ ಪಕ್ಕದಲ್ಲೇ, ಅದೇ ನೀಲಿ ಮಾರ್ಗದಲ್ಲಿ ನ್ಯಾಷನಲ್ ಮ್ಯೂಸಿಯಂ ನಿಲ್ದಾಣವಿದೆ. ಮೇಲೆ ಬಂದರೆ 1999ರಲ್ಲಿ ತೆರೆದ ಕಿಂಗ್ ಅಬ್ದುಲ್ ಅಜೀಜ್ ಐತಿಹಾಸಿಕ ಕೇಂದ್ರದ ಖರ್ಜೂರದ ಮರಗಳು, ಹುಲ್ಲಿನ ಅಂಗಳಗಳು, ನೀರಿನ ಕಾಲುವೆಗಳು, ನಡೆಯುವವರಿಗಾಗಿಯೇ ಇರುವ ದಾರಿಗಳು. ಉದ್ಯಾನ ಅಲ್ಲಿ ಕಾಲು ಶತಮಾನದಿಂದ ಇತ್ತು. ದೊಡ್ಡ ರಸ್ತೆಗಳ ಆಚೆಗಿದ್ದ ಅದು ಬತ್ಹಾದ ಜನರ ಹತ್ತಿರಕ್ಕೆ ಬಂದದ್ದು ಈಗ.

ಆದರೂ ಕೊರತೆ ಪೂರ್ತಿ ನೀಗಿಲ್ಲ. ನಿಲ್ದಾಣದ ಒಳಗೆ ತಂಪು, ರೈಲಿನೊಳಗೆ ತಂಪು. ಮನೆಯಿಂದ ನಿಲ್ದಾಣಕ್ಕಿರುವ ದಾರಿಯಲ್ಲಿ ಜುಲೈ ತಿಂಗಳ 43 ಡಿಗ್ರಿ. ಪಾದಚಾರಿ ಮಾರ್ಗ ಹಲವೆಡೆ ಅಂಗಡಿಯೆದುರಿನ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ, ಇಲ್ಲವೇ ಕಾರೊಂದು ಅದರ ಮೇಲೇರಿ ನಿಂತಿರುತ್ತದೆ. ತಳ್ಳುಗಾಡಿಯಲ್ಲಿ ಕೂಸನ್ನು ಕರೆದೊಯ್ಯುವ ತಾಯಿ ಅಲ್ಲಿಂದ ರಸ್ತೆಗೆ ಇಳಿಯಲೇಬೇಕು. ಈ ಕೊನೆಯ ಅರ್ಧ ಕಿಲೋಮೀಟರಿಗೆ ನೆರಳು ಒದಗಿಸುವುದು ಹದಿನಾರು ಚದರ ಕಿಲೋಮೀಟರಿನ ಉದ್ಯಾನಕ್ಕಿಂತ ಅಗ್ಗದ ಕೆಲಸ. ಆದರೆ ಸಾವಿರಾರು ಗಲ್ಲಿಗಳಲ್ಲಿ ಬೇರೆ ಬೇರೆಯಾಗಿ ಮಾಡಬೇಕಾದ್ದರಿಂದ ತಾಳ್ಮೆ ಬೇಡುವ ಕೆಲಸ. ಗ್ರೀನ್ ರಿಯಾದ್ ತನ್ನ ಬಡಾವಣೆ ಹಂತವನ್ನು ದಕ್ಷಿಣದ ಅಜೀಜಿಯಾದಂಥ ಸಾಮಾನ್ಯರ ಬಡಾವಣೆಯಿಂದ ಆರಂಭಿಸಿದ್ದು, ಬೀದಿ, ಮಸೀದಿ, ಶಾಲೆಗಳ ಸುತ್ತ ಗಿಡ ನೆಡಲು ಹೊರಟಿದ್ದು ಈ ಕಾರಣಕ್ಕೇ ಭರವಸೆ ಹುಟ್ಟಿಸುತ್ತದೆ.

ಬೆಂಚಿನ ಮೇಲೆ ಯಾರು ಕೂರಬಹುದು?

ಹಸಿರು ಜಾಗವಿದ್ದು, ದಾರಿಯಿದ್ದು, ಪ್ರವೇಶವಿಲ್ಲದಿದ್ದರೆ? ಈ ನಾಡಿನಲ್ಲಿ ಸಾರ್ವಜನಿಕ ಸ್ಥಳಗಳು ಬಹುಕಾಲ 'ಫ್ಯಾಮಿಲಿ' ಮತ್ತು 'ಬ್ಯಾಚುಲರ್' ಎಂದು ಎರಡಾಗಿದ್ದವು. ಹೋಟೆಲುಗಳಿಗೆ ಎರಡು ಬಾಗಿಲು, ಕುಟುಂಬಗಳಿಗಷ್ಟೇ ಎಂಬ ಫಲಕ ಹೊತ್ತ ಅನೇಕ ಉದ್ಯಾನಗಳು. ಊರಿನಲ್ಲಿ ಹೆಂಡತಿ, ಮೂವರು ಮಕ್ಕಳಿರುವ ಐವತ್ತು ವರ್ಷದ ಮೇಸ್ತ್ರಿಯೂ ಇಲ್ಲಿ ಬ್ಯಾಚುಲರ್‌ನೇ. ಆತನಿಗೆ ಉದ್ಯಾನದ ಬೇಲಿಯ ಹೊರಗೆ ಜಾಗ. 2019ರ ಡಿಸೆಂಬರ್‌ನಲ್ಲಿ ಹೋಟೆಲುಗಳಿಗೆ ಪ್ರತ್ಯೇಕ ಪ್ರವೇಶದ್ವಾರದ ಕಡ್ಡಾಯವನ್ನು ಸರ್ಕಾರ ತೆಗೆದುಹಾಕಿತು. ಸಮಾಜದ ಬಿಗಿತ ಬಹಳಷ್ಟು ಸಡಿಲವಾಗಿದೆ. ಆದರೆ ಹಳೆಯ ವಿಂಗಡಣೆ ಪೂರ್ತಿ ಮಾಯವಾಗಿಲ್ಲ. ಹೊಸ ಮೆಟ್ರೊದಲ್ಲೂ ಫ್ಯಾಮಿಲಿ, ಸಿಂಗಲ್ಸ್ ಎಂಬ ವಿಭಾಗಗಳಿವೆ.

2022ರ ಜನಗಣತಿಯ ಪ್ರಕಾರ ದೇಶದ 3.22 ಕೋಟಿ ಜನರಲ್ಲಿ ಶೇ 41.6ರಷ್ಟು ಮಂದಿ ಹೊರದೇಶದವರು. ಅವರಲ್ಲಿ ದೊಡ್ಡ ಪಾಲು ಒಂಟಿಯಾಗಿ ಬದುಕುವ ಗಂಡಸರದು. ಒಂದು ಕೋಣೆಯಲ್ಲಿ ನಾಲ್ವರೋ ಆರು ಮಂದಿಯೋ ಮಲಗುವವರಿಗೆ ಹೊರಗಿನ ಬೆಂಚು ಸೊಗಸಿನ ವಸ್ತುವಲ್ಲ. ಮನೆಯವರೊಡನೆ ಗುಟ್ಟಾಗಿ ಎರಡು ಮಾತಾಡಲು ಅವರಿಗಿರುವ ಏಕಾಂತದ ಕೋಣೆ ಅದು. ಊರಿನಲ್ಲಿ ಈ ಲೇಖನ ಓದುತ್ತಿರುವ ತಾಯಂದಿರು, ಮಡದಿಯರು ರಾತ್ರಿ ಬರುವ ಕರೆಯ ಹಿಂದೆ ವಾಹನಗಳ ಸದ್ದು ಕೇಳಿದ್ದರೆ, ಆ ಕರೆ ಯಾವುದೋ ರಸ್ತೆಬದಿಯ ಕಟ್ಟೆಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಅಪಾಯವನ್ನೂ ಹೇಳಬೇಕು. ಬಡಾವಣೆ ಹಸಿರಾದರೆ, ಮೆಟ್ರೊ ಹತ್ತಿರವಾದರೆ, ಬಾಡಿಗೆ ಏರುತ್ತದೆ. ಏರಿದ ಬಾಡಿಗೆ ಕೊಡಲಾಗದವರು ಮರವೂ ಇಲ್ಲದ ಅಂಚಿನ ಬಡಾವಣೆಗೆ ಹೋಗುತ್ತಾರೆ. ರಿಯಾದ್‌ನ ಬಾಡಿಗೆಗಳು ಎಷ್ಟು ವೇಗವಾಗಿ ಏರಿದವೆಂದರೆ, 2025ರ ಸೆಪ್ಟೆಂಬರ್ 25ರಿಂದ ಐದು ವರ್ಷಗಳ ಕಾಲ ನಗರದಲ್ಲಿ ಬಾಡಿಗೆ ಹೆಚ್ಚಿಸುವಂತಿಲ್ಲವೆಂದು ಸರ್ಕಾರವೇ ಆದೇಶ ಹೊರಡಿಸಬೇಕಾಯಿತು. ಹಸಿರು ಬೀದಿಯ ಫಲವನ್ನು ಆ ಬೀದಿಯಲ್ಲಿ ಈಗಾಗಲೇ ಬದುಕುತ್ತಿರುವವರೇ ಉಣ್ಣುವಂತಾಗಲು ಇಂಥ ತಡೆ ಅಗತ್ಯ.

ಜುಬೈಲ್ ಹೇಳುವ ಮಾತು

ಕರಾವಳಿ ಕರ್ನಾಟಕದ ಅನೇಕರಿಗೆ ರಿಯಾದ್‌ಗಿಂತ ಜುಬೈಲ್ ಪರಿಚಿತ. 1975ರಲ್ಲಿ ಸ್ಥಾಪನೆಯಾದ ರಾಯಲ್ ಕಮಿಷನ್ ಅಲ್ಲಿ ಬರಿಯ ಮರಳಿನ ಮೇಲೆ ಕೈಗಾರಿಕಾ ನಗರವನ್ನು ಎಬ್ಬಿಸಿತು. ಕಾರ್ಖಾನೆಗಳಿಗೂ ವಸತಿಗಳಿಗೂ ನಡುವೆ ಅಂತರ, ಮನೆಗಳ ಹತ್ತಿರದಲ್ಲೇ ಮಸೀದಿ ಮತ್ತು ಶಾಲೆ, ಶುದ್ಧೀಕರಿಸಿದ ನೀರಿನಲ್ಲಿ ಬೆಳೆದ ಹಸಿರು, ಫನಾತೀರ್‌ನ ಕಡಲತೀರದ ನಡಿಗೆದಾರಿ. ಅಲ್ಲಿ ನೆಲೆಸಿದ ನಮ್ಮವರು ಬೇರೆ ಊರಿಗೆ ವರ್ಗವಾದಾಗ ನೆನೆಯುವುದು ಸಂಬಳವನ್ನಲ್ಲ, ಆ ಸಂಜೆಗಳನ್ನು. ಆದರೆ ಕೆಲವೇ ಕಿಲೋಮೀಟರ್ ದೂರದ ಹಳೆಯ ಜುಬೈಲ್ ಪಟ್ಟಣದಲ್ಲಿ, ಗುತ್ತಿಗೆ ಕಾರ್ಮಿಕರು ಹೆಚ್ಚಾಗಿರುವ ಗಲ್ಲಿಗಳಲ್ಲಿ, ಬದುಕಿನ ಬಣ್ಣವೇ ಬೇರೆ. ಒಂದೇ ಹೆಸರಿನ ಎರಡು ಊರುಗಳಲ್ಲಿ ನಿಮ್ಮ ಕಂಪೆನಿ ನಿಮ್ಮನ್ನು ಎಲ್ಲಿ ಇರಿಸುತ್ತದೆ ಎಂಬುದು ಸಂಬಳದ ಪತ್ರದಲ್ಲಿ ಕಾಣದ ಸಂಬಳ.

ಕಾರೇ ಇಲ್ಲದ ನಗರವನ್ನೂ ಈ ದೇಶ ಕನಸಿದೆ. 2021ರ ಜನವರಿಯಲ್ಲಿ ಘೋಷಿಸಿದ 'ದ ಲೈನ್' 170 ಕಿ.ಮೀ. ಉದ್ದದ, ರಸ್ತೆಗಳೂ ಕಾರುಗಳೂ ಇಲ್ಲದ ಊರು. 2030ರೊಳಗೆ ಅದರಲ್ಲಿ 2.4 ಕಿ.ಮೀ. ಮಾತ್ರ ಪೂರ್ಣವಾದೀತೆಂದು 2024ರಲ್ಲಿ ಬ್ಲೂಮ್‌ಬರ್ಗ್ ವರದಿ ಮಾಡಿತು. ಹೊಸ ಊರನ್ನು ಕಾರಿಲ್ಲದೆ ಕಟ್ಟುವುದಕ್ಕಿಂತ, ಇರುವ ಊರಿನ ಒಂದು ಬೀದಿಯಿಂದ ಕಾರನ್ನು ಹೊರಗಿಡುವುದು ಹೆಚ್ಚು ಜನರಿಗೆ ಬೇಗ ದಕ್ಕುವ ಸುಖ. ಇದಕ್ಕೆ ನಮ್ಮ ಬೆಂಗಳೂರಿನಲ್ಲೂ ನಿದರ್ಶನವಿದೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನು ವಾರಾಂತ್ಯಗಳಲ್ಲಿ ವಾಹನಮುಕ್ತಗೊಳಿಸಿದಾಗ ಜನ ಬಂದರು; ಮಹಾತ್ಮ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣ ಕೂಗಳತೆಯಲ್ಲಿ ಇದ್ದುದರಿಂದ ಕಾರಿಲ್ಲದೆಯೂ ಬರಬಹುದಾಗಿತ್ತು. ಭಾನುವಾರ ವಾಹನಗಳಿಲ್ಲದ ಕಬ್ಬನ್ ಉದ್ಯಾನಕ್ಕೂ ಇದೇ ಮಾತು ಸಲ್ಲುತ್ತದೆ.

ಸಹಿ ಹಾಕುವ ಮುನ್ನ

ಇಲ್ಲಿಗೆ ಬರಲಿರುವವರಿಗೆ ಇದರಿಂದೇನು ಪ್ರಯೋಜನ? ಕುಟುಂಬವನ್ನು ಕರೆತರುವ ವಲಸಿಗ ಉದ್ಯೋಗಿ ಒಬ್ಬೊಬ್ಬ ಅವಲಂಬಿತರಿಗೂ ತಿಂಗಳಿಗೆ 400 ರಿಯಾಲ್ ಶುಲ್ಕ ತೆರಬೇಕು. 2017ರಲ್ಲಿ ನೂರು ರಿಯಾಲಿನಿಂದ ಶುರುವಾದ ಈ ಶುಲ್ಕ 2020ರ ಹೊತ್ತಿಗೆ ನಾನೂರಕ್ಕೆ ಏರಿತು. ಆ ಅವಧಿಯಲ್ಲಿ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವರು ನಮ್ಮಲ್ಲೂ ಅನೇಕರು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ವರ್ಷಕ್ಕೆ 14,400 ರಿಯಾಲ್. ಇಷ್ಟು ತೆತ್ತು ಅವರನ್ನು ಕರೆಸಿಕೊಂಡು ನಾಲ್ಕು ಗೋಡೆಗಳ ನಡುವೆ ಇರಿಸಿದರೆ ಆ ಹಣ ಯಾವ ಬದುಕನ್ನು ಕೊಂಡಂತಾಯಿತು?

ಆದ್ದರಿಂದ ಮನೆ ಹುಡುಕುವಾಗ ಬಾಡಿಗೆಯ ಜೊತೆಗೆ ಮೂರು ಸಂಗತಿಗಳನ್ನು ವಿಚಾರಿಸಿ. ಮೊದಲನೆಯದಾಗಿ, ಮೆಟ್ರೊ ಅಥವಾ ಬಸ್ ನಿಲ್ದಾಣಕ್ಕೆ ನಡೆದು ಹೋಗಲು ಎಷ್ಟು ನಿಮಿಷ, ಆ ದಾರಿಯಲ್ಲಿ ಪಾದಚಾರಿ ಮಾರ್ಗವಿದೆಯೇ? ಎರಡನೆಯದಾಗಿ, ದೊಡ್ಡ ರಸ್ತೆ ದಾಟದೆ ತಲುಪಬಹುದಾದ ಬಡಾವಣೆಯ ಸಣ್ಣ ಉದ್ಯಾನ ಇದೆಯೇ? ಇಲ್ಲಿ ಅದಕ್ಕೆ ಹದೀಕಾ ಎನ್ನುತ್ತಾರೆ. ನಾಲ್ಕು ಮರ, ಒಂದು ಜಾರುಬಂಡಿ ಇದ್ದರೂ ಸಾಕು. ನಗರದ ಇನ್ನೊಂದು ಮೂಲೆಯ ಮಹೋದ್ಯಾನಕ್ಕೆ ತಿಂಗಳಿಗೊಮ್ಮೆ ಹೋಗುವಿರಿ, ಬಡಾವಣೆಯ ಹದೀಕಾಕ್ಕೆ ದಿನವೂ ಹೋಗುವಿರಿ. ಮೂರನೆಯದಾಗಿ, ಸಾಧ್ಯವಾದರೆ ಆ ಬೀದಿಯನ್ನು ಹಗಲಿನಲ್ಲಷ್ಟೇ ಅಲ್ಲ, ಇಶಾ ನಮಾಜಿನ ನಂತರವೂ ಒಮ್ಮೆ ನೋಡಿ. ಬೇಸಿಗೆಯಲ್ಲಿ ಇಲ್ಲಿನ ಸಂಜೆ ಶುರುವಾಗುವುದೇ ರಾತ್ರಿ. ಹೆಂಗಸರು ಮಕ್ಕಳು ಹೊರಗೆ ಕಾಣುತ್ತಾರೆಯೇ ಎಂಬುದೇ ಬೀದಿಯ ಯೋಗ್ಯತಾಪತ್ರ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಹವೆಯಂತೂ ಎಲ್ಲ ಹೊತ್ತಿನಲ್ಲೂ ಹಿತವಾಗಿರುತ್ತದೆ.

ಒಂಟಿಯಾಗಿ ಬರುವ ಕಿರಿಯರು ವಸತಿ ನಗರದೊಳಗೋ ಹೊರವಲಯದ ಕ್ಯಾಂಪಿನಲ್ಲೋ ಎಂಬುದನ್ನು ಊರಿನಲ್ಲಿರುವಾಗಲೇ ಏಜೆಂಟರಲ್ಲಿ ಸ್ಪಷ್ಟವಾಗಿ ಕೇಳಿ ತಿಳಿಯಬೇಕು; ರಜೆಯ ದಿನ ಪೇಟೆಗೆ ವಾಹನದ ವ್ಯವಸ್ಥೆಯಿದೆಯೇ ಎಂದೂ ಕೇಳಬೇಕು. ಜೊತೆಗೆ 2019ರಿಂದ ಜಾರಿಯಲ್ಲಿರುವ ಸಾರ್ವಜನಿಕ ಸಭ್ಯತೆಯ ನಿಯಮಗಳನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಕಸ ಎಸೆಯುವುದು, ಉದ್ಯಾನದಲ್ಲಿ ಕಂಡಕಂಡಲ್ಲಿ ಬೆಂಕಿ ಹಾಕುವುದು, ಅನುಮತಿಯಿಲ್ಲದೆ ಇತರರ ಫೋಟೊ ತೆಗೆಯುವುದು ಮುಂತಾದ 19 ತಪ್ಪುಗಳಿಗೆ 50ರಿಂದ 6,000 ರಿಯಾಲ್‌ವರೆಗೆ ದಂಡವಿದೆ.

2030ಕ್ಕೆ ಗ್ರೀನ್ ರಿಯಾದ್‌ನ ಲೆಕ್ಕ ಪ್ರಕಟವಾದಾಗ 75 ಲಕ್ಷ ಮರಗಳು ತುಂಬಿದವೇ ಎಂದು ಪತ್ರಿಕೆಗಳು ಕೇಳಲಿವೆ. ಅದರ ಜೊತೆಗೆ ಇನ್ನೊಂದನ್ನೂ ಎಣಿಸಬೇಕು: ಬತ್ಹಾ, ಮಲಜ್, ಅಜೀಜಿಯಾಗಳಲ್ಲಿ ಹತ್ತು ವರ್ಷದ ಮಗುವೊಂದು ದೊಡ್ಡವರ ಕಾರಿಗಾಗಿ ಕಾಯದೆ, ನೆರಳಿನಲ್ಲೇ ನಡೆದು ತಲುಪಬಹುದಾದ ಉದ್ಯಾನಗಳು ಎಷ್ಟು, ಅವುಗಳ ಬೆಂಚಿನ ಮೇಲೆ ದುಡಿದು ದಣಿದ ಕಾರ್ಮಿಕನೊಬ್ಬ ಯಾರ ಅಡ್ಡಿಯೂ ಇಲ್ಲದೆ ಕುಳಿತಿದ್ದಾನೆಯೇ ಎಂಬುದನ್ನು. ಆ ಲೆಕ್ಕವನ್ನು ಸರ್ಕಾರ ಕೊಡದಿದ್ದರೂ, ಇಲ್ಲಿ ಬಾಳುವ ನಾವು ಊರಿನಲ್ಲಿ ಕೇಳುವವರಿಗೆ ಹೇಳಬಲ್ಲೆವು.